ಪಿ.ಟಿ. ಮೇಡಂ ಏರದೆ ಬಿಟ್ಟ ಗುಡ್ಡ

ಸೋತವರ ಹೆಸರನ್ನೂ ಹೇಳುತ್ತಿದ್ದ ಪಿ.ಟಿ. ಟೀಚರ್ ನಮ್ಮ ಜಿಲ್ಲೆಯಲ್ಲಿ ಅವರೊಬ್ಬರೇ ಇದ್ದರು. ತಾಲೂಕು ಕ್ರೀಡಾಕೂಟ ಮುಗಿದ ಸಂಜೆ ಸಿರುಗುಪ್ಪದಿಂದ ಬಳ್ಳಾರಿಯ ನಮ್ಮ ಪತ್ರಿಕಾ ಕಚೇರಿಗೆ ಫೋನ್ ಬರುತ್ತಿತ್ತು. ಬೇರೆ ಶಾಲೆಗಳವರು ಗೆದ್ದ ತಂಡದ ಹೆಸರು, ಬಹುಮಾನ ಕೊಟ್ಟವರ ಹೆಸರು, ವೇದಿಕೆಯ ಮೇಲಿದ್ದವರ ಹೆಸರು ಹೇಳಿ ಫೋನ್ ಇಡುತ್ತಿದ್ದರು. ಇವರು ವೇದಿಕೆಯನ್ನು ಬಿಟ್ಟು ಉಳಿದದ್ದೆಲ್ಲವನ್ನೂ ಹೇಳುತ್ತಿದ್ದರು.

"ಮೇಡಂ, ಸೋತವರ ಹೆಸರು ಹಾಕಾಕ ಪುಟದಾಗ ಜಾಗ ಇರಂಗಿಲ್ರಿ" ಎಂದು ಒಮ್ಮೆ ಹೇಳಿದೆ.

"ಗೆದ್ದವರು ಯಾರ ಮ್ಯಾಲ ಗೆದ್ರು ಅಂತ ಬ್ಯಾಡೇನ್ರಿ? ಗ್ವಾಡಿ ಮ್ಯಾಲ ಗೆದ್ರೇನು?"

ಜಾಗ ಮಾಡಿ ಹಾಕಿದೆವು. ನಮ್ಮ ಪರಿಚಯ ಶುರುವಾದದ್ದು ಹಾಗೆ.

ಅವರು ದೇಶನೂರಿನವರು. ಭತ್ತದ ಗದ್ದೆಗಳ ನಡುವೆ ಬೆಳೆದವರು. ಮದುವೆಯಾಗಿರಲಿಲ್ಲ. ಸಿರುಗುಪ್ಪದಲ್ಲಿ ವಿಧವೆ ಅಕ್ಕನ ಜೊತೆ ಒಂದು ಸಣ್ಣ ಮನೆಯಲ್ಲಿದ್ದರು. ಎತ್ತರದ, ಒಣಕಲು ಮೈಕಟ್ಟು. ನೂಲಿನ ಸೀರೆ, ಅದರ ಕೆಳಗೆ ಬಿಳಿ ಕ್ಯಾನ್ವಾಸ್ ಶೂ, ಕೊರಳಲ್ಲಿ ಸೀಟಿ. ನಡೆಯುವಾಗ ಸೀಟಿ ಎದೆಗೆ ಬಡಿಯದಂತೆ ಅದನ್ನು ಎಡಗೈ ಮುಷ್ಟಿಯಲ್ಲಿ ಹಿಡಿದಿರುತ್ತಿದ್ದರು. ಸೀಟಿ ಇಲ್ಲದ ದಿನವೂ ಆ ಮುಷ್ಟಿ ಅಲ್ಲೇ ಇರುತ್ತಿತ್ತು.

ಅವರ ಬಗ್ಗೆ ತಾಲೂಕಿನಲ್ಲಿ ಎಲ್ಲರೂ ಹೇಳುವ ಕಥೆ ಒಂದು ಕಬಡ್ಡಿ ಫೈನಲಿನದು. ಅವರದೇ ಶಾಲೆಯ ತಂಡ ಆಡುತ್ತಿತ್ತು, ಅಂದಿನ ರೆಫ್ರಿ ಬಾರದ ಕಾರಣ ಎರಡೂ ತಂಡದವರು ಒಪ್ಪಿ ಇವರನ್ನೇ ನಿಲ್ಲಿಸಿದ್ದರು. ಕೊನೆಯ ರೈಡಿನಲ್ಲಿ ಅವರ ಶಾಲೆಯ ಹುಡುಗ, ಸಿರಿಗೇರಿಯವನು, ಒಬ್ಬನನ್ನು ಮುಟ್ಟಿ ಹಿಂದಿರುಗಿದ. ಮೈದಾನವೆಲ್ಲ ಕೂಗಿತು. ಮೇಡಂ ಸೀಟಿ ಊದಿ ಅವನ ಕಾಲ ಕಡೆ ತೋರಿಸಿದರು. ಹೆಬ್ಬೆರಳು ಪಕ್ಕದ ಗೆರೆಯ ಆಚೆಗಿತ್ತು.

"ಮೇಡಂ, ನಮ್ಮ ಸಾಲಿ ರೀ!" ಎಂದು ಹುಡುಗ ಅಂಗಲಾಚಿದ.

"ನಮ್ಮ ಸಾಲಿ ಅಂದ್ರ ಗೆರಿ ಸರೀತೈತೇನಲೇ? ಹೊರಗ ನಡಿ."

ಆ ವರ್ಷ ಕಪ್ ಬೇರೆಯವರಿಗೆ ಹೋಯಿತು. ಹೆಡ್ಮಾಸ್ತರರು ಬಹಳ ದಿನ ಮಾತು ಬಿಟ್ಟಿದ್ದರಂತೆ. ಹುಡುಗ ಮಾತ್ರ ಮರುದಿನವೇ ಬಂದು ಸುಣ್ಣದ ಡಬ್ಬಿ ಹಿಡಿದು ಅಂಕಣದ ಗೆರೆ ಹಾಕಲು ನಿಂತ. ಈ ಬರಹಕ್ಕೆ ಬೇಕಾದವನು ಅವನೇ.

ಹಲವು ವರ್ಷಗಳ ನಂತರದ ಮಾತು. ಒಂದು ಮಧ್ಯಾಹ್ನ ಮೇಡಂ ಬಳ್ಳಾರಿಯಿಂದ ಸಿರುಗುಪ್ಪಕ್ಕೆ ಬಸ್ಸು ಹತ್ತಿದರು. ಕಾಲಿಡಲು ಜಾಗವಿರಲಿಲ್ಲ. ಮಧ್ಯದ ಸೀಟಿನಿಂದ ಒಬ್ಬ ಎದ್ದು ನಿಂತು, "ಕುಂದರ್ರಿ ಮೇಡಂ" ಎಂದ. ಮುಖ ಬಾತಿತ್ತು, ಗುರುತು ಹತ್ತಲು ಸ್ವಲ್ಪ ಹೊತ್ತು ಬೇಕಾಯಿತು. ಅದೇ ಸಿರಿಗೇರಿಯ ರೈಡರ್. ಈಗ ಟ್ರ್ಯಾಕ್ಟರ್ ಓಡಿಸುತ್ತಾನೆ, ಮದುವೆಯಾಗಿದೆ ಎಂದೆಲ್ಲ ಹೇಳಿದ. ಮೇಡಂ ಕುಳಿತರು. ಅವನು ಕಂಬಿ ಹಿಡಿದು ನಿಂತು ಮಾತಾಡಿಸುತ್ತಲೇ ಬಂದ. ಸಿರಿಗೇರಿ ಕ್ರಾಸ್ ಹತ್ತಿರ ಬಂದಾಗ ಮಾತು ನಿಂತಿತು. ನೋಡಿದರೆ ಅವನು ಇಬ್ಬರು ಹೆಂಗಸರ ಕಾಲಬಳಿ ಬಿದ್ದಿದ್ದ. ತೋಳಿನ ಪಟ್ಟಿಯಿಂದ ರಕ್ತ ಒಸರುತ್ತಿತ್ತು.

ಅವನ ಎರಡೂ ಮೂತ್ರಪಿಂಡಗಳು ಕೆಟ್ಟಿದ್ದವು. ಡಯಾಲಿಸಿಸ್‌ಗೆ ಅವನ ಸರದಿ ಬಳ್ಳಾರಿಯಲ್ಲಿ ಸಿಕ್ಕಿತ್ತು. ವಾರಕ್ಕೆ ಎರಡು ಸಲ ಯಂತ್ರದ ಪಕ್ಕ ಮಲಗಿ, ಎದ್ದು, ಅದೇ ಬಸ್ಸಿಗೆ ಬರುತ್ತಿದ್ದ. ಆ ದಿನ ಸೀಟು ಸಿಕ್ಕಿತ್ತು. ಮೇಡಂ ಬಂದರು ಎಂದು ಎದ್ದು ನಿಂತಿದ್ದ.

"ಸಾಲ್ಯಾಗ ನಾನ ಕಲಿಸಿದ್ದು, ದೊಡ್ಡವರು ಬಂದ್ರ ಎದ್ದು ನಿಂದ್ರಬೇಕು ಅಂತ" ಎಂದು ಮೇಡಂ ನನಗೆ ಫೋನಿನಲ್ಲಿ ಹೇಳಿದರು. ಅದು ಸುದ್ದಿ ಕೊಡಲು ಮಾಡಿದ ಫೋನ್ ಅಲ್ಲ. ಬಳ್ಳಾರಿಯಲ್ಲಿ ಕೆಲವು ವೈದ್ಯರು ಸೇರಿ ಓಡಿಸುತ್ತಾರಂತಲ್ಲ, ದತ್ತಿಗೆ ಹಣ ಕೂಡಿಸುವ ಓಟ, ಅದರ ವಿವರ ಬೇಕು ಎಂದರು.

ಅದು ಸಂಡೂರು ಕಡೆಯ ಗುಡ್ಡಗಳ ಕಾಲುಹಾದಿಯಲ್ಲಿ ನಡೆಯುವ ಮ್ಯಾರಥಾನ್. ಓಡುವ ಪ್ರತಿಯೊಬ್ಬರೂ ತಮಗೆ ಬೇಕಾದ ಕೆಲಸಕ್ಕೆ ಜನರಿಂದ ಹಣ ಎತ್ತಬಹುದು. ಸಿರುಗುಪ್ಪ ತಾಲೂಕಿನಿಂದ ಡಯಾಲಿಸಿಸ್‌ಗೆ ಹೋಗಿ ಬರುವವರಿಗೆ ಒಂದು ವ್ಯಾನು ಎಂದು ಮೇಡಂ ಬರೆಸಿದರು. ಹಾದಿ ಕಠಿಣ, ಹರೆಯದವರೇ ಅರ್ಧಕ್ಕೆ ಕೂರುತ್ತಾರೆ ಎಂದು ನಾನು ಎಚ್ಚರಿಸಿದೆ. ಆಗ ಅವರ ನಿವೃತ್ತಿಗೆ ಕೆಲವೇ ವರ್ಷ ಉಳಿದಿತ್ತು.

ಸಿರುಗುಪ್ಪದಲ್ಲಿ ಗುಡ್ಡ ಓಡುವ ಅಭ್ಯಾಸ ಮಾಡುವುದು ದೊಡ್ಡ ಪಡಿಪಾಟಲು. ಕಣ್ಣು ಹಾಯಿಸಿದಷ್ಟೂ ಸಮತಟ್ಟು ಗದ್ದೆ. ಏರು ಎಂದರೆ ಕಾಲುವೆಯ ಏರಿ ಮಾತ್ರ. ಮೇಡಂ ಬೆಳಿಗ್ಗೆ ಆ ಏರಿಯನ್ನು ಅಡ್ಡಡ್ಡ ಹತ್ತಿ ಇಳಿದು, ಮತ್ತೆ ಹತ್ತಿ ಇಳಿದು ಮುಂದೆ ಸಾಗುತ್ತಿದ್ದರು. ಸಲ್ವಾರ್ ಕಮೀಜು ಅವರು ಮೊದಲ ಬಾರಿಗೆ ತೊಟ್ಟದ್ದು ಆಗಲೇ. ನಾಟಿಗೆ ಹೊರಟ ಹೆಂಗಸರು ನಿಂತು ನೋಡುತ್ತಿದ್ದರು. ಬೈಕಿನವರು ವೇಗ ಇಳಿಸಿ, "ಬಸ್ ತಪ್ಪೇತೇನ್ರಿ ಮೇಡಂ? ಹತ್ತರಿ, ಬಿಡ್ತೀನಿ" ಎನ್ನುತ್ತಿದ್ದರು. ಕಾಲುವೆಯಾಚೆ ಆಂಧ್ರದಿಂದ ಬಂದು ನೆಲೆಸಿದ ರೈತರ ಕ್ಯಾಂಪಿನ ಒಬ್ಬ ಮುದುಕಿ ದಿನವೂ ಒಂದೇ ಪ್ರಶ್ನೆ ಕೇಳುತ್ತಿದ್ದಳು: "ಎಂದುಕಮ್ಮಾ ಈ ವಯಸುಲೋ?" ಈ ವಯಸ್ಸಿನಲ್ಲಿ ಯಾಕಮ್ಮಾ ಇದೆಲ್ಲ ಎಂದು. ಮೇಡಂ ಉತ್ತರ ಕೊಡುತ್ತಿರಲಿಲ್ಲ. ಓಡುವಾಗ ಮಾತಾಡಿದರೆ ಉಸಿರು ಕೆಡುತ್ತದೆ ಎಂಬುದು ಅವರೇ ಮಕ್ಕಳಿಗೆ ಹೇಳಿದ್ದ ಪಾಠ.

ಭಾನುವಾರ ಮೊದಲ ಬಸ್ಸಿಗೆ ಕುರುಗೋಡಿಗೆ ಹೋಗುತ್ತಿದ್ದರು. ಅಲ್ಲಿ ನಿಜವಾದ ಗುಡ್ಡವಿದೆ. ಒಂದರ ಮೇಲೊಂದು ಪೇರಿಸಿಟ್ಟಂಥ ಬಂಡೆಗಳು, ನಡುವೆ ಕುರಿ ಹೋಗುವ ಹಾದಿ. ಒಂದು ಭಾನುವಾರ ನಾನೂ ಹೋದೆ. ದೇವಸ್ಥಾನದ ಮುಂದೆ ಹೂ ಮಾರುವಾಕೆ ಮೇಡಂ ಅವರನ್ನು ಆಗಲೇ ಬಲ್ಲವಳಂತೆ ಕೂಗಿದಳು:

"ಯವ್ವಾ, ಬಸವಣ್ಣ ಇಲ್ಲೇ ಕೆಳಗ ಕುಂತಾನ. ವಾರವಾರ ಮ್ಯಾಲ ಹೋಗಿ ಯಾರಿಗೆ ಕೈಮುಗಿತೀರಿ?"

"ಮೊಣಕಾಲಿಗೆ" ಎಂದರು ಮೇಡಂ.

ತಮಾಷೆಯಲ್ಲ, ನಿಜವೇ ಹೇಳಿದ್ದರು. ಹತ್ತುವುದು ಅವರಿಗೆ ಸಿದ್ಧಿಸಿತ್ತು. ಇಳಿಯುವಾಗ ಪ್ರತಿ ಬಂಡೆಯ ಬಳಿಯೂ ತಡೆದು, ಕೈ ಊರಿ, ಕಾಲು ಚಾಚಿ ನೆಲ ಹುಡುಕುತ್ತಿದ್ದರು. ಬಯಲಿನ ಕಾಲುಗಳಿಗೆ ಇಳಿಜಾರು ಗೊತ್ತಿರಲಿಲ್ಲ. ಕೆಳಗೆ ಬಂದು ಕುಳಿತಾಗ ಮೊಣಕಾಲು ಎರಡೂ ನಡುಗುತ್ತಿದ್ದವು. ಅವುಗಳ ಮೇಲೆ ಅಂಗೈ ಇಟ್ಟು, ತರಗತಿಯಲ್ಲಿ ಗದ್ದಲ ಮಾಡುವ ಮಕ್ಕಳನ್ನು ಸುಮ್ಮನಿರಿಸುವಂತೆ ಒತ್ತಿ ಹಿಡಿದರು.

ಹಣ ಎತ್ತಲು ಸಿರಿಗೇರಿಗೆ ಹೋದ ದಿನ ನನ್ನನ್ನು ಜೊತೆಗೆ ಕರೆದದ್ದು ಅವರೇ. "ಮಂದಿ ರೊಕ್ಕ. ನೋಡೋರು ಒಬ್ಬರು ಇರ್ಲಿ" ಎಂದಿದ್ದರು.

ಊರ ಮಧ್ಯದ ಕಟ್ಟೆಯ ಮೇಲೆ ಹತ್ತಾರು ಜನ ಕುಳಿತಿದ್ದರು. ಮೇಡಂ ನಿಂತು, ಪಾಠ ಹೇಳುವ ದನಿಯಲ್ಲಿ, ತಾವು ಗುಡ್ಡಗಳಲ್ಲಿ ಓಡುವುದಾಗಿಯೂ ಜನ ಕೈಲಾದದ್ದು ಕೊಟ್ಟರೆ ಅದರಿಂದ ವ್ಯಾನು ಬರುವುದಾಗಿಯೂ ಹೇಳಿದರು. ಯಾರಿಗೂ ತಲೆಬುಡ ತಿಳಿಯಲಿಲ್ಲ.

"ಅಲ್ರೀ ಮೇಡಂ, ಓಡೋರು ನೀವು. ರೊಕ್ಕ ನಾವ್ಯಾಕ ಕೊಡಬೇಕು?"

"ಓಡಿದ್ರ ಅವರು ನಿಮಗೇನ್ ಕೊಡ್ತಾರ್ರಿ?"

"ಏನೂ ಇಲ್ಲ. ಓಡಾಕ ನಾನ ಫೀ ಕಟ್ಟೀನಿ."

"ರೊಕ್ಕಾ ಕೊಟ್ಟು ಓಡ್ತೀರಾ?" ಕಟ್ಟೆಯೆಲ್ಲ ನಕ್ಕಿತು. "ನಮ್ಮ ಗದ್ದಿಗೆ ಬರ್ರಿ, ಪುಕ್ಕಟ ಓಡಿಸ್ತೀವಿ. ಹಕ್ಕಿ ಕಾದಂಗೂ ಆಕೈತಿ."

ಆಗ ಒಬ್ಬ ಮುದುಕ ಕೈಯೆತ್ತಿ ಎಲ್ಲರನ್ನೂ ಗದರಿದ. "ಸುಮ್ಕಿರ್ರೋ! ಇಷ್ಟೂ ತಿಳಿಯಂಗಿಲ್ಲೇನು? ಮೇಡಂ ಹರಕಿ ಹೊತ್ತಾರ. ಬ್ಯಾನಿ ಬಿದ್ದೋರಿಗೆ ಗುಡ್ಡ ಏರಾಕ ಆಕೈತೇನು? ಅವರ ಬದ್ಲಿ ಇವರು ಏರ್ತಾರ. ಏರೋರ ಕೈಯಾಗ ಕಾಣಿಕಿ ಕೊಡೋದು ನಮ್ಮ ಪಾಲು."

ನಗು ನಿಂತಿತು. ಹತ್ತು ನಿಮಿಷದ ವಿವರಣೆಯಿಂದ ಆಗದ್ದು ಒಂದು ಮಾತಿಗೆ ಆಗಿತ್ತು. ಜನ ಎದ್ದು ಮನೆಗಳ ಕಡೆ ಹೊರಟರು, ಕಾಣಿಕೆ ತರಲು.

"ಹರಕಿ ಅಲ್ಲಜ್ಜಾ, ಇದು..." ಎಂದು ಮೇಡಂ ಶುರುಮಾಡಿದರು. ಅಷ್ಟರಲ್ಲಿ ಎದುರು ಮನೆಯಿಂದ ರೈಡರನ ಹೆಂಡತಿ ತಟ್ಟೆ ಹಿಡಿದು ಬಂದಳು. ತಟ್ಟೆಯಲ್ಲಿ ಹಳದಿ ದಾರ, ಅದಕ್ಕೆ ಕಟ್ಟಿದ ಅರಿಷಿಣ ಕೊಂಬು, ಕುಂಕುಮ. ನಮ್ಮ ಕಡೆ ಹರಕೆ ಹೊತ್ತವರ ಮುಂಗೈಗೆ ಕಟ್ಟುವ ಕಂಕಣ.

"ಮೇಡಂ, ನಮ್ಮ ಮನಿಯವರ ಹೆಸರಿಲೆ ಕಟ್ಲಿ?"

ರೈಡರ್ ಹೊಸ್ತಿಲಲ್ಲಿ ಗೋಡೆಗೆ ಒರಗಿ ಕುಳಿತಿದ್ದ. ಅವನಿಗೆ ನಾಚಿಕೆಯಾಯಿತು. "ಬಿಡಬೇ, ಮೇಡಂಗ ಇಂಥಾವೆಲ್ಲಾ ಸೇರಂಗಿಲ್ಲ. ಸಾಲ್ಯಾಗ ನಮ್ಮ ಕೈಯಾನ ತಾಯಿತ ಬಿಚ್ಚಿಸ್ತಿದ್ರು" ಎಂದು ನಕ್ಕ.

ನಕ್ಕದ್ದಕ್ಕೇ ಅವನಿಗೆ ಉಸಿರು ಹತ್ತಿತು. ಮೇಡಂ ಅವನನ್ನು ನೋಡಿದರು. ಆಮೇಲೆ ಎಡಗೈ ಚಾಚಿದರು.

ಆಕೆ ಕಟ್ಟುತ್ತಾ ಕಟ್ಟುಪಾಡು ಹೇಳಿದಳು. ಗುಡ್ಡ ಏರಿ ಇಳಿದು ಬರುವ ತನಕ ಬಿಚ್ಚುವಂತಿಲ್ಲ. ನಡುವಿನಿಂದ ತಿರುಗಿ ಬರುವಂತಿಲ್ಲ. "ಕಟ್ಟಿದಾಕಿ ನಾನ, ಬಿಚ್ಚಾಕಿನೂ ನಾನ. ಬ್ಯಾರೇರ ಕೈ ಹಚ್ಚಬಾರ್ದು."

ತಿರುಗಿ ಬರುವಾಗ ಬಸ್ಸಿನಲ್ಲಿ ಕೇಳಿದೆ: "ಇದನ್ನ ನಂಬ್ತೀರೇನ್ರಿ?"

"ಇಲ್ಲ."

"ಮತ್ತ ಯಾಕ ಕಟ್ಟಿಸ್ಕೊಂಡ್ರಿ? ರೊಕ್ಕ ಬರ್ಲಿ ಅಂತನೇ?"

"ಮೊದಲು ಹಂಗ ಅನಿಸ್ತು. ಆದ್ರ ಆಕಿ ರೂಲ್ ಹೇಳಿದ್ಲು ನೋಡ್ರಿ. ಕೇಳಿ, ಒಪ್ಪಿ, ಕೈ ಕೊಟ್ಟೀನಿ. ಅಂಕಣಕ್ಕ ಇಳಿದ ಮ್ಯಾಲ, ಈ ಆಟದ ರೂಲ್ ನಂಗ ಸೇರಂಗಿಲ್ಲ ಅನ್ನಾಕ ಬರ್ತೈತೇನು?"

ಮುಂದಿನ ತಿಂಗಳುಗಳಲ್ಲಿ ಅವರು ಇನ್ನೂ ಕಟ್ಟುನಿಟ್ಟಾದರು. ಬಳ್ಳಾರಿಗೆ ಬಂದ ದಿನ ಕೋಟೆ ಗುಡ್ಡದ ಮೆಟ್ಟಿಲು ಹತ್ತಿ ಇಳಿಯದೆ ಬಸ್ಸಿಗೆ ಹೋಗುತ್ತಿರಲಿಲ್ಲ. ಓಡುವಾಗ ಎಡ ಮುಷ್ಟಿ ಈಗಲೂ ಎದೆಗೆ ಒತ್ತಿರುತ್ತಿತ್ತು, ಸೀಟಿಯ ಜಾಗದಲ್ಲಿ ಅರಿಷಿಣ ಕೊಂಬು. ಹಳ್ಳಿ ಹಳ್ಳಿಗೂ ಮಾತು ಹರಡಿತ್ತು. ರಾರಾವಿಯಿಂದಲೂ ಜನ ಬಂದು ಕಾಣಿಕೆ ಕೊಟ್ಟು, ಕಾಲು ಮುಟ್ಟಿ ಹೋಗುತ್ತಿದ್ದರಂತೆ. ಕಾಲು ಮುಟ್ಟಿಸಿಕೊಳ್ಳುವುದು ಅವರಿಗೆ ಹಿಂಸೆಯಾಗುತ್ತಿತ್ತು. ಬಸ್ಸಿನಲ್ಲಿ ರೈಡರನನ್ನು ಕಂಡರೆ, ದೂರದಿಂದಲೇ "ಕುಂತಿರಲೇ!" ಎಂದು ಕೂಗುತ್ತಿದ್ದರು.

ಓಟದ ದಿನ ನಾನು ಕೊನೆಯ ಏರಿನ ಬುಡದಲ್ಲಿದ್ದೆ. ಅಲ್ಲೊಂದು ಚೌಕಿ. ಗೊತ್ತುಪಡಿಸಿದ ಹೊತ್ತಿನೊಳಗೆ ಅದನ್ನು ದಾಟದವರನ್ನು ಮುಂದೆ ಬಿಡುವುದಿಲ್ಲ. ಗುಡ್ಡದ ಮೇಲೆ ಯಾರಾದರೂ ಕುಸಿದರೆ ಹೊತ್ತು ತರುವುದು ಕಷ್ಟ. ಒಬ್ಬ ತರುಣ ಸ್ವಯಂಸೇವಕ ಕೆಂಪು ಬಾವುಟ ಹಿಡಿದು ನಿಂತಿದ್ದ. ಹೊತ್ತು ಮೀರಿತು, ಬಾವುಟ ಅಡ್ಡ ಬಂತು. ಆಮೇಲೆ ತಿರುವಿನಲ್ಲಿ ಮೇಡಂ ಕಾಣಿಸಿಕೊಂಡರು. ಇಳಿಜಾರು ಅವರನ್ನು ಹಿಂದೆ ಹಾಕಿತ್ತು. ಮೊಣಕಾಲಿನವರೆಗೆ ಕೆಮ್ಮಣ್ಣು, ಒಂದು ಅಂಗೈ ತರಚಿತ್ತು.

"ಟೈಮ್ ಆಗೇತ್ರಿ ಆಂಟಿ" ಎಂದ ಹುಡುಗ.

"ಭಾಳ ಆಗೇತೇನು?"

"ಇಲ್ರೀ, ಸ್ವಲ್ಪ." ಅವನು ಆಚೀಚೆ ನೋಡಿ ದನಿ ತಗ್ಗಿಸಿದ. "ಹೋಗ್ರಿ ಆಂಟಿ. ಒಂದ ಏರು ಉಳಿದೈತಿ. ನಾ ನೋಡಿಲ್ಲ ಅಂದ್ಕೊಂತೀನಿ."

ಮೇಡಂ ಏರನ್ನು ನೋಡಿದರು. ಕೈಯ ದಾರ ನೋಡಿಕೊಂಡರು. ಮತ್ತೆ ಬಾವುಟ ನೋಡಿದರು. ಆಮೇಲೆ ಎದೆಯ ಮೇಲಿನ ನಂಬರಿನ ಚೀಟಿಯ ಪಿನ್ನುಗಳನ್ನು ಒಂದೊಂದಾಗಿ ಬಿಚ್ಚಿ, ಚೀಟಿಯನ್ನು ಹುಡುಗನ ಕೈಗೆ ಕೊಟ್ಟರು.

"ಗೆರಿ ಅಂದ್ರ ಗೆರಿ, ತಮ್ಮಾ."

ಜೀಪಿನಲ್ಲಿ ಬರುವಾಗ ಬಲ ಅಂಗೈಯಿಂದ ಎಡ ಮುಂಗೈಯನ್ನು ಮುಚ್ಚಿಕೊಂಡು ಕುಳಿತಿದ್ದರು.

ಸಂಜೆ ಸಂಘಟಕರು ನನಗೆ ಹೇಳಿದ್ದು, 'ಯಶಸ್ವಿಯಾಗಿ ಪಾಲ್ಗೊಂಡರು' ಎಂದು ಬರೆದರೆ ಸಾಕು, ದತ್ತಿ ಕೆಲಸ ಅಲ್ಲವೇ ಎಂದು. ಮೇಡಂ ಫೋನ್ ಮಾಡಿ ಹೇಳಿದ್ದು ಬೇರೆ: "ಮುಗಿಸಲಿಲ್ಲ ಅಂತ ಸಾಫ್ ಬರೀರಿ. ಮಂದಿ ರೊಕ್ಕ ಕೊಟ್ಟಾರ." ನಾನು ಕಂಡದ್ದನ್ನು ಕಂಡಂತೆ ಬರೆದೆ. ಹುಡುಗ ಬಿಡುತ್ತೇನೆಂದದ್ದು, ಅವರು ಒಲ್ಲೆನೆಂದದ್ದು ಎರಡೂ ಅದರಲ್ಲಿದ್ದವು. ಡೆಸ್ಕಿನವರಿಗೆ ಹಿಡಿಸಿತು. ಅವರ ಪ್ರಾಮಾಣಿಕತೆಯನ್ನು ಹೊಗಳಿ ತಲೆಬರಹ ಕೊಟ್ಟು, ಫೋಟೋ ಹಾಕಿ, ಜಿಲ್ಲಾ ಪುಟದ ಮೇಲ್ಭಾಗದಲ್ಲಿ ಪ್ರಕಟಿಸಿದರು. ಸುದ್ದಿಯಲ್ಲಿ ಒಂದಕ್ಷರ ತಪ್ಪಿರಲಿಲ್ಲ.

ಸಿರಿಗೇರಿಯ ಹೋಟೆಲಿನಲ್ಲಿ ಅದನ್ನು ಯಾರೋ ಗಟ್ಟಿಯಾಗಿ ಓದಿದರು. ಎರಡು ದಿನ ಬಿಟ್ಟು ರೈಡರನ ಹೆಂಡತಿ ಸಿರುಗುಪ್ಪದ ಶಾಲೆಗೆ ಬಂದಳು. ಈ ಭೇಟಿಯನ್ನು ಮೇಡಂ ನನಗೆ ಹೇಳಿದ್ದು ಬಹಳ ಕಾಲದ ಮೇಲೆ, ಅದೂ ಒಂದು ಪಂದ್ಯದ ವರದಿ ಕೊಡುವಂತೆ, ಏರಿಳಿತವಿಲ್ಲದ ದನಿಯಲ್ಲಿ.

"ಆ ಹುಡುಗ ಬಿಡ್ತೀನಿ ಅಂದಿದ್ನಂತಲ್ರಿ" ಎಂದು ಆಕೆ ಕೇಳಿದಳು.

"ಅಂದಿದ್ದ."

"ಒಂದ ಏರು ಉಳಿದಿತ್ತಂತಲ್ರಿ."

"ಒಂದ."

"ಅವನು ಹಿಡಿದಿದ್ದು ಅವರ ಆಟದ ಗೆರಿ ಮೇಡಂ. ನಮ್ಮ ಗೆರಿ ಗುಡ್ಡದ ಮ್ಯಾಲಿತ್ತು."

ಆಕೆ ಕೂಗಾಡಿದ್ದರೆ ಹಗುರಾಗುತ್ತಿತ್ತು ಎಂದರು ಮೇಡಂ. ಆಕೆ ಕೂಗಲಿಲ್ಲ. ದಾರವನ್ನು ಒಮ್ಮೆ ನೋಡಿ, ಬಿಚ್ಚದೆ, ಬಸ್ಸಿಗೆ ಹೊತ್ತಾಯಿತೆಂದು ಹೋದಳು.

ಕೆಲವು ವಾರಗಳಲ್ಲಿ ರೈಡರ್ ತೀರಿಕೊಂಡ. ಅಂಥ ರೋಗಿಗಳ ಹೃದಯ ಹಾಗೆ ಇದ್ದಕ್ಕಿದ್ದಂತೆ ನಿಲ್ಲುವುದುಂಟು ಎಂದು ವೈದ್ಯರು ಹೇಳಿದರು. ಒಬ್ಬರು ಗುಡ್ಡ ಏರದಿರುವುದಕ್ಕೂ ಇನ್ನೊಬ್ಬರು ಸಾಯುವುದಕ್ಕೂ ಸಂಬಂಧವಿಲ್ಲ. ಇದನ್ನು ನಾನು ಮೇಡಂಗೆ ಹೇಳಿದೆ.

"ಗೊತ್ತೈತ್ರಿ. ಮಕ್ಕಳಿಗೆ ವಿಜ್ಞಾನದ ಪೀರಿಯಡ್ಡೂ ತಗೊಂಡೀನಿ" ಎಂದರು. "ಗೊತ್ತಿದ್ರ ಏನಾತು?"

ವ್ಯಾನು ಬಂದದ್ದು ಅವನು ಹೋದ ಮೇಲೆ. ಓಟ ಮುಗಿಯದಿದ್ದರೂ ಕಾಣಿಕೆಯನ್ನು ಯಾರೂ ವಾಪಸು ಕೇಳಿರಲಿಲ್ಲ. ಬಿಳಿ ವ್ಯಾನು, ಮೇಡಂ ಹಟ ಹಿಡಿದು ಹಾಕಿಸಿದ ತಗ್ಗಿನ ಮೆಟ್ಟಿಲು, ಮಲಗಲು ಬರುವಂಥ ಸೀಟು. ಸಿರುಗುಪ್ಪದಲ್ಲಿ ಹಸಿರು ಬಾವುಟ ತೋರಿಸುವ ಸಮಾರಂಭವಾಯಿತು. ವೇದಿಕೆಗೆ ಕರೆದರೆ ಅವರು ಹೋಗಲಿಲ್ಲ. ಹಿಂದೆ ಮರದ ಕೆಳಗೆ ನಿಂತಿದ್ದರು. ಬಾವುಟ ಬೀಸಿದಾಗ ಕಣ್ಣು ಮುಚ್ಚಿಕೊಂಡದ್ದನ್ನು ನಾನು ನೋಡಿದೆ.

ಮುಂದಿನ ಸಲದ ಓಟಕ್ಕೆ ಅವರು ಮತ್ತೆ ಅಭ್ಯಾಸ ಶುರುಮಾಡಿದರು. ಈ ಸಲ ಹಣಕ್ಕಲ್ಲ, ಯಾರಿಗೂ ಹೇಳಲೂ ಇಲ್ಲ. ಕಾಲುವೆ ಏರಿಯ ಮೇಲೆ ತಮಾಷೆ ಮಾಡುವವರು ಈಗ ಇರಲಿಲ್ಲ. ಕಂಡವರು ದಾರಿ ಬಿಟ್ಟು ನಿಲ್ಲುತ್ತಿದ್ದರು. ಆಂಧ್ರದ ಮುದುಕಿಯೂ ಪ್ರಶ್ನೆ ನಿಲ್ಲಿಸಿದ್ದಳು. ತುಂತುರು ಹಿಡಿದಿದ್ದ ಒಂದು ಭಾನುವಾರ ಕುರುಗೋಡಿನ ಗುಡ್ಡ ಇಳಿಯುವಾಗ ಜಾರಿ ಬಿದ್ದು ತೊಡೆಮೂಳೆ ಮುರಿಯಿತು. ಮೇಲಕ್ಕೆ ಕುರಿ ಹೊಡೆದುಕೊಂಡು ಹೊರಟಿದ್ದವರು ಕಂಬಳಿಯಲ್ಲಿ ಹೊತ್ತು ತಂದರು. ಬಳ್ಳಾರಿಯ ಆಸ್ಪತ್ರೆಯಲ್ಲಿ ಆಪರೇಷನ್‌ಗೆ ಮೊದಲು ನರ್ಸು ಕತ್ತರಿ ತಂದು, ಮೈಮೇಲೆ ದಾರ ಇರಬಾರದು ಎಂದಳು. ಮೇಡಂ ಒಪ್ಪಲಿಲ್ಲ. ವಾದ ಮಾಡಿ ಸೋತ ನರ್ಸು ಕೊನೆಗೆ ಅದರ ಮೇಲೆ ಅಂಟುಪಟ್ಟಿ ಸುತ್ತಿ ಒಳಗೆ ಕಳಿಸಿದಳು.

ಅಲ್ಲಿಗೆ ಓಟ ಮುಗಿಯಿತು. ಊರುಗೋಲು ಬಂತು, ಹಿಂದೆಯೇ ನಿವೃತ್ತಿ ಬಂತು. ಬೀಳ್ಕೊಡುಗೆಯಲ್ಲಿ ಮಕ್ಕಳು ಹೊಸ ಸೀಟಿ ಕೊಟ್ಟರಂತೆ. ನಾನು ಸಿರುಗುಪ್ಪಕ್ಕೆ ಹೋದಾಗಲೆಲ್ಲ ಕಾಲುವೆ ಬಳಿ ಸಿಗುತ್ತಿದ್ದರು. ಏರಿ ಹತ್ತಲಾಗದು, ಕೆಳಗಿನ ದಾರಿಯಲ್ಲಿ ಕುಂಟುತ್ತಾ ನಡೆಯುತ್ತಿದ್ದರು. ಅರಿಷಿಣ ಕೊಂಬು ಎಂದೋ ಉದುರಿತ್ತು. ದಾರ ಬೂದು ಬಣ್ಣಕ್ಕೆ ತಿರುಗಿ ಚರ್ಮದಲ್ಲಿ ಗುರುತು ಮಾಡಿತ್ತು.

"ನಾ ಸಿರಿಗೇರಿಗೆ ಹೋಗಿ ಆಕಿನ ಕರ್ಕೊಂಡು ಬರ್ಲೇನ್ರಿ?" ಎಂದು ಒಮ್ಮೆ ಕೇಳಿದೆ. "ಬಿಚ್ಚಿ ಹೋಗ್ಲಿ."

"ಬ್ಯಾಡ. ಆಟ ಆಡಿದೋರು ರೆಫ್ರಿ ಹತ್ರ ಹೋಗಿ ಪಾಯಿಂಟ್ ಬೇಡಬಾರ್ದು."

ಅದು ನಮ್ಮ ಕೊನೆಯ ಮಾತುಗಳಲ್ಲೊಂದು.

ಈ ವರ್ಷ ಮೇ ತಿಂಗಳ ಬಿಸಿಲಿನಲ್ಲಿ, ಊಟ ಮಾಡಿ ಮಲಗಿದವರು ಏಳಲಿಲ್ಲ. ದೇಹವನ್ನು ದೇಶನೂರಿಗೆ ತಂದರು. ಅವರ ಮನೆತನದ ಪದ್ಧತಿಯಂತೆ ಗೋಡೆಗೆ ಒರಗಿಸಿ ಕೂರಿಸಿ, ಹಣೆಗೆ ವಿಭೂತಿ ಬಳಿದಿದ್ದರು. ನೆಟ್ಟಗೆ ಕುಳಿತು ಪಂದ್ಯ ನೋಡುತ್ತಿರುವಂತೆ ಇತ್ತು. ಮಣ್ಣಿಗೆ ಒಯ್ಯುವ ಮುನ್ನ ಹಿರಿಯರೊಬ್ಬರು ಕೈಯಲ್ಲಿನ ದಾರ ಕಂಡು, ಹರಕೆಯ ಕಂಕಣ ಹೊತ್ತು ಮಣ್ಣು ಸೇರಬಾರದು, ಕತ್ತರಿ ತನ್ನಿ ಎಂದರು. ಅಕ್ಕ ಅಡ್ಡ ಕೈ ಹಿಡಿದರು.

"ಕತ್ತರಿ ಬ್ಯಾಡ್ರಿ. ಬ್ಯಾರೇರ ಕೈ ಹಚ್ಚಿದ್ರ ನಮ್ಮ ತಂಗಿ ಒಪ್ಪಂಗಿಲ್ಲ."

ಮಾತು ಬೆಳೆಯಿತು. ಬಿಸಿಲು ಏರುತ್ತಿತ್ತು. ಆಗ ರಸ್ತೆಯಲ್ಲಿ ಬಿಳಿ ವ್ಯಾನು ನಿಂತಿತು. ರೋಗಿಗಳನ್ನು ಬಳ್ಳಾರಿಯಲ್ಲಿ ಇಳಿಸಿದ ಡ್ರೈವರ್, ಸುದ್ದಿ ತಿಳಿದು, ಸಿರಿಗೇರಿಗೆ ಹೋಗಿ ರೈಡರನ ಹೆಂಡತಿಯನ್ನು ಕೂರಿಸಿಕೊಂಡು ಬಂದಿದ್ದ. ತಗ್ಗಿನ ಮೆಟ್ಟಿಲಿಳಿದು ಆಕೆ ಬಂದಳು. ಯಾರೂ ಏನೂ ಹೇಳಬೇಕಾಗಲಿಲ್ಲ.

ಆಕೆ ಮುಂದೆ ಕುಳಿತು ಆ ಎಡಗೈಯನ್ನು ತನ್ನ ತೊಡೆಯ ಮೇಲೆ ತೆಗೆದುಕೊಂಡಳು. ವರ್ಷಗಳ ನೀರು, ಬೆವರು ಕುಡಿದು ಗಂಟು ಕಲ್ಲಾಗಿತ್ತು. ಉಗುರಿನಿಂದ ಆಗಲಿಲ್ಲ. ಬಗ್ಗಿ, ಹಲ್ಲಿನಿಂದ ಕಚ್ಚಿ, ಎಳೆ ಎಳೆಯಾಗಿ ಸಡಿಲಿಸಿದಳು. ದಾರ ಕಳಚಿದಾಗ ಆ ಕೈಯನ್ನು ಮೆಲ್ಲಗೆ ಮೇಡಂ ಅವರ ಮಡಿಲಲ್ಲಿಟ್ಟು, "ಓಡಿದ್ದು ಸಾಕ್ರಿ ಮೇಡಂ, ನಿಂದರ್ರಿ" ಎಂದಳು.

ಮಣ್ಣು ಕೊಟ್ಟು ಬಂದ ಮೇಲೆ, ವ್ಯಾನಿನ ಬಳಿ ನಿಂತಿದ್ದ ಆಕೆಯನ್ನು ಕೇಳಿದೆ. ಕೇಳುವುದು ನನ್ನ ಕಸುಬು. ಇಷ್ಟು ವರ್ಷ ಯಾಕೆ ಬರಲಿಲ್ಲ? ಸಿಟ್ಟಿತ್ತೆ?

"ಮೊದಲ ವರ್ಷ ಸಿಟ್ಟಿತ್ರಿ" ಎಂದಳು. "ಆಮ್ಯಾಲ ಇರ್ಲಿಲ್ಲ. ಬಿಚ್ಚಾಕಂತ ಒಂದ ಸಲ ಕ್ರಾಸ್ ತನಕಾ ಬಂದಿದ್ದೆ, ತಿರುಗಿ ಹೋದೆ. ನಮ್ಮ ಮನಿಯವರ ಹೆಸರು ಊರಾಗ ಎಲ್ಲಾರೂ ಮರ್ತಿದ್ರು. ಮೇಡಂ ಒಬ್ಬರ ಕೈಯಾಗ ಇತ್ತು. ಬಿಚ್ಚಿದ್ರ ಅದೂ ಹೋಗ್ತಿತ್ತು." ಮತ್ತೆ ಹೇಳಿದಳು: "ಕಾಲು ಮುರಕೊಂಡ ಸುದ್ದಿ ಕೇಳಿದ ಮ್ಯಾಲ ಮುಖ ತೋರ್ಸಾಕ ಆಗ್ಲಿಲ್ಲ."

ಬಿಚ್ಚಿದ ಕಂಕಣವನ್ನು ಹರಿಯುವ ನೀರಿಗೆ ಬಿಡುವುದು ಪದ್ಧತಿ. ಆಕೆ ಕಾಲುವೆಯ ಕಡೆ ನಡೆದಳು, ನಾನೂ ಹಿಂದೆ ಹೋದೆ. ಬೇಸಿಗೆಯಲ್ಲಿ ಕಾಲುವೆಗೆ ನೀರು ನಿಲ್ಲಿಸುತ್ತಾರೆ. ತಳದಲ್ಲಿ ಬಿರುಕು ಬಿಟ್ಟ ಕೆಸರು, ಪ್ಲಾಸ್ಟಿಕ್ ಚೀಲಗಳು, ಒಂದು ಹರಿದ ಚಪ್ಪಲಿ. ಆಕೆ ಏರಿಯ ಮೇಲೆ ನಿಂತು ಎರಡೂ ಕಡೆ ನೋಡಿದಳು.

"ನೀರು ಬಿಟ್ಟ ಮ್ಯಾಲ ಬಿಡ್ತೀನ್ರಿ. ಅಲ್ಲೀತನಾ ನನ್ನ ಹತ್ರ ಇರ್ಲಿ" ಎಂದು ಸೆರಗಿನ ತುದಿಗೆ ದಾರ ಕಟ್ಟಿ ಗಂಟು ಹಾಕಿಕೊಂಡು, ವ್ಯಾನು ಹತ್ತಿದಳು. ಮಧ್ಯಾಹ್ನದ ರೋಗಿಗಳನ್ನು ಕರೆತರಲು ಅದಕ್ಕೆ ಹೊತ್ತಾಗಿತ್ತು.

ಕಾಲುವೆಗೆ ನೀರು ಬಿಡುವ ಸುದ್ದಿ ವರ್ಷವೂ ನಮ್ಮ ಪತ್ರಿಕೆಯ ಜಿಲ್ಲಾ ಪುಟದಲ್ಲಿ ಬರುತ್ತದೆ. ಈ ವರ್ಷ ಇನ್ನೂ ಬಂದಿಲ್ಲ.